ಪಾದ್ರಿಯ ಹೆಸರು

8 ನವೆಂಬರ್ 2022, ಮಂಗಳವಾರ. ಲೀಡ್ಸ್

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಸ್ಪತ್ರೆಯಿಂದ ಮನೆಯ ಫೋನಿಗೆ ಕರೆ ಬಂತು. ಹೆಂಗಸಿನ ದನಿ. "ತಪ್ಪು ತಿಳ್ಕೋಬೇಡಿ, ಕೇಳೋಕೆ ನಂಗೇ ಒಂಥರಾ ಆಗ್ತಿದೆ. ಅಲ್ಲಿ ಇಲಿ ಅನ್ನೋರು ಯಾರಾದ್ರೂ ಇದ್ದಾರಾ?"

ನಾನೇ ಎಂದೆ. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಹತ್ತು ಜನ ಉಳಿದಿರಬಹುದು. ಅವರಲ್ಲಿ ಯಾರೂ ಮಂಗಳವಾರ ಬೆಳಿಗ್ಗೆ ಫೋನ್ ಮಾಡುವವರಲ್ಲ.

ಶನಿವಾರ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು ಕುಸಿದು ಬಿದ್ದಿದ್ದಾನೆ. ಅರವತ್ತರ ಆಸುಪಾಸು. ನಿಂತಿದ್ದ ಹೃದಯವನ್ನು ಮತ್ತೆ ನಡೆಸಿದ್ದಾರೆ, ಎಚ್ಚರ ಬಂದಿಲ್ಲ. ಪರ್ಸಿಲ್ಲ, ಫೋನಿಲ್ಲ. ಬೆರಳಚ್ಚು ಪೊಲೀಸರ ದಾಖಲೆಯಲ್ಲಿಲ್ಲ. ಕೋಟಿನ ಒಳಜೇಬಿನಲ್ಲಿ ಒಂದು ಚೀಟಿ: ಇಲಿ, ಕೆಳಗೆ ನನ್ನ ನಂಬರ್.

ಮೂರು ಗಂಟೆಗೆ ಹೋದೆ. ನಮ್ಮ ಹಳೆಯ ಗುಂಪಿನ ಪಾದ್ರಿಯೇ. ಮುಖ ನೋಡುವ ಮೊದಲೇ ಗೊತ್ತಾಯಿತು, ಮಂಚದ ಪಕ್ಕದ ಪ್ಲಾಸ್ಟಿಕ್ ಚೀಲದಲ್ಲಿ ಆ ಕೋಟಿತ್ತು. ಯಾರೋ ಸತ್ತ ಪಾದ್ರಿಯ ಆ ಕೋಟನ್ನು ಅವನು 1983ರಲ್ಲಿ ಹಳೆಬಟ್ಟೆ ಅಂಗಡಿಯಲ್ಲಿ ಕೊಂಡಿದ್ದ. ಹೆಸರು ಅಲ್ಲಿಂದ ಅಂಟಿಕೊಂಡದ್ದು. ತಲೆಯ ಹತ್ತಿರದ ಹಲಗೆಯ ಮೇಲೆ "ಅಪರಿಚಿತ ಗಂಡಸು" ಎಂದು ಬರೆದಿದ್ದರು. ಬಾಯಲ್ಲಿ ಕೊಳವೆ. ಯಂತ್ರ ಉಸಿರಾಡಿಸಿದಾಗ ಎದೆ ಏಳುತ್ತಿತ್ತು.

ನರ್ಸ್ ಮರಿಸೆಲ್ ಪೆನ್ನು ತೆಗೆದಳು. "ಹೆಸರೇನಮ್ಮ ಇವರದ್ದು?"

"ಪಾದ್ರಿ."

"ಅಯ್ಯೋ, ಫಾದರಾ? ಯಾವ ಚರ್ಚು?"

"ಅಲ್ಲ, ಅದು ನಾವು ಕರೆಯೋ ಹೆಸರು. ನಿಜವಾದ್ದು ನನಗೆ ಗೊತ್ತಿಲ್ಲ."

"ಎಷ್ಟು ದಿನದ ಪರಿಚಯ?"

"ಮೂವತ್ತೊಂಬತ್ತು ವರ್ಷ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಫಾರಮ್ಮಿನಲ್ಲಿ ಸಂಬಂಧ ಎಂದಿದ್ದ ಕಡೆ ನಾನು "ಪರಿಚಿತೆ" ಎಂದು ಬರೆದೆ.

ನನ್ನದು ಔಷಧಿ ಅಂಗಡಿಯ ಕೆಲಸ. ಹೆಸರು, ವಿಳಾಸ ಕೇಳಿ ಸರಿಯೆನಿಸದೆ ಒಂದು ಮಾತ್ರೆಯನ್ನೂ ಯಾರ ಕೈಗೂ ಕೊಡುವುದಿಲ್ಲ.


10 ನವೆಂಬರ್, ಗುರುವಾರ

ಡಾಕ್ಟರ್ ಫಿನೆರನ್ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುತ್ತಾರೆ. ಮಿದುಳಿಗೆ ತುಂಬ ಹೊತ್ತು ರಕ್ತ ಹೋಗಿಲ್ಲ. ಇನ್ನೆರಡು ವಾರ ಪರೀಕ್ಷೆಗಳು. ಇಪ್ಪತ್ತನಾಲ್ಕನೇ ತಾರೀಖು, ಗುರುವಾರ, ಸಭೆ. ಗಂಟಲಿಗೆ ರಂಧ್ರ ಮಾಡಿ ಶುಶ್ರೂಷಾಲಯಕ್ಕೆ ಕಳಿಸುವುದೋ, ಯಂತ್ರ ನಿಲ್ಲಿಸುವುದೋ ಅಂದು ತೀರ್ಮಾನವಾಗಬೇಕು.

"ತೀರ್ಮಾನ ನಮ್ಮದು. ಆದ್ರೆ ಇವರಿಗೆ ಏನು ಬೇಕಾಗಿತ್ತು ಅಂತ ಗೊತ್ತಿರೋರು ಹೇಳ್ಬೇಕು. ಮನೆಯವರು ಸಿಗದಿದ್ರೆ ಸರ್ಕಾರದ ಕಡೆಯಿಂದ ಒಬ್ರು ಬರ್ತಾರೆ. ಅವರು ಇವರನ್ನ ನೋಡೇ ಇರಲ್ಲ. ಅದಕ್ಕಿಂತ ನೀವು..."

"ನಾನು ಅವರ ಮನೆಯವರನ್ನ ಹುಡುಕ್ತೀನಿ," ಎಂದೆ. "ಇದು ನನ್ನ ಕೈಲಾಗೋದಲ್ಲ."

ಮನೆಗೆ ಬಂದು ನನಗೆ ಗೊತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಬಿಯರು, ಸೈಡರು, ಬ್ಲ್ಯಾಕ್‌ಕರಂಟ್ ಶರಬತ್ತು ಮೂರನ್ನೂ ಒಂದೇ ಲೋಟದಲ್ಲಿ ಬೆರೆಸಿ ಕುಡಿಯುತ್ತಾನೆ. ಮಾಂಸ ತಿನ್ನುವುದಿಲ್ಲ. ಎಡಗಿವಿ ಮಂದ, ಯಾವಾಗಲೂ ಧ್ವನಿವರ್ಧಕಕ್ಕೆ ಎಡಗಿವಿ ಕೊಟ್ಟು ನಿಲ್ಲುತ್ತಿದ್ದುದರಿಂದ. ಮನೆ ಬದಲಿಸುತ್ತಲೇ ಇರುತ್ತಾನೆ. ಪ್ರತಿ ವರ್ಷ ವಿಟ್ಬಿಯಲ್ಲಿ ನಡೆಯುವ ನಮ್ಮ ಹಳಬರ ಕೂಟದ ಹಿಂದಿನ ದಿನ ನನ್ನ ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಉಗುರಿಗೆ ಕಪ್ಪು ಬಣ್ಣ ಬಳಿದುಕೊಳ್ಳುತ್ತಾನೆ. ಈ ವರ್ಷ ಬರಲಿಲ್ಲ, ನಾನು ವಿಚಾರಿಸಲಿಲ್ಲ.

ಹಾಳೆ ತುಂಬಿತು. ಪೊಲೀಸರಿಗೆ ಉಪಯೋಗವಾಗುವ ಒಂದು ಸಾಲೂ ಅದರಲ್ಲಿಲ್ಲ.


12 ನವೆಂಬರ್, ಶನಿವಾರ

ಸೂಜಿ ಮತ್ತು ಕಂಬ ಇಬ್ಬರನ್ನೂ ರೈಲು ನಿಲ್ದಾಣದ ಹತ್ತಿರದ ಪಬ್ಬಿಗೆ ಕರೆಸಿದೆ. ಸೂಜಿ ಆಗ ನಮ್ಮೆಲ್ಲರ ಬಟ್ಟೆ ಹೊಲಿಯುತ್ತಿದ್ದಳು, ಈಗ ಜನರ ಮನೆಯ ಪರದೆ ಹೊಲಿಯುತ್ತಾಳೆ. ಕಂಬ ಆರಡಿ ಐದಂಗುಲ. ಕೋಟಿನೊಳಗೆ ಟೇಪ್ ರೆಕಾರ್ಡರ್ ಅಡಗಿಸಿಕೊಂಡು ಹೋಗಿ ಪ್ರತಿಯೊಂದು ಸಂಗೀತ ಕಛೇರಿಯನ್ನೂ ಮುದ್ರಿಸುತ್ತಿದ್ದವನು.

"ವೇಲ್ಸ್ ಕಡೆಯೋನು ಕಣೇ ಪಾದ್ರಿ," ಎಂದಳು ಸೂಜಿ. "ಮಳೆ ಬಂದ್ರೆ ಅಷ್ಟು ಖುಷಿಪಡ್ತಿದ್ದ."

"ಮಳೆಗೆ ಖುಷಿಪಡೋರೆಲ್ಲ ವೇಲ್ಸಾದ್ರೆ ನನ್ನ ಟೊಮೇಟೊ ಗಿಡನೂ ವೇಲ್ಸೇ. ಅವನು ಹಲ್ ಬಂದರಿನ ಕಡೆಯೋನು. ಮೀನಿನ ವಾಸನೆ ಕಂಡ್ರೆ ವಾಂತಿ ಮಾಡ್ಕೋತಿದ್ದ," ಎಂದ ಕಂಬ.

"ಅದು ಮೀನಿಗಲ್ಲ ಕಣೋ, ವ್ಯಾನಲ್ಲಿ ನೀನು ಬೂಟು ಬಿಚ್ಚಿದ್ದಕ್ಕೆ."

ಹಳೆಯದನ್ನೆಲ್ಲ ನೆನೆದು ನಗುತ್ತಲೇ ಇದ್ದರು. ನೆಲಮಾಳಿಗೆಯ ಕ್ಲಬ್ಬಿನಲ್ಲಿ ಚಾವಣಿಯಿಂದ ಬೆವರು ತೊಟ್ಟಿಕ್ಕುತ್ತಿದ್ದುದು. ಹೊಗೆ ಯಂತ್ರದ ದೆಸೆಯಿಂದ ಮೂರು ಸಲ ಹೋಗಿಯೂ ಒಂದು ತಂಡದವರ ಮುಖ ಕಾಣದೇ ಹೋದದ್ದು. ಸಕ್ಕರೆ ನೀರು ಹಚ್ಚಿ ಕೂದಲು ನಿಲ್ಲಿಸಿಕೊಂಡು ಜುಲೈ ತಿಂಗಳಲ್ಲಿ ಬಸ್ಸಿಗೆ ನಿಂತರೆ ಕಣಜಗಳು ಮುತ್ತುತ್ತಿದ್ದುದು, ಪಾದ್ರಿ ಅವಕ್ಕೆ ಶಿಲುಬೆಯ ಗುರುತು ಮಾಡಿ ಆಶೀರ್ವದಿಸುತ್ತಿದ್ದುದು. ಕಂಬ ವ್ಯಾನಿನ ಕಥೆಯನ್ನೂ ಹೇಳಿದ. ಎಲ್ಲ ಕೂಟದಲ್ಲೂ ಹೇಳುತ್ತಾನೆ. 1984, ಗಣಿ ಮುಷ್ಕರದ ವರ್ಷ. ಮುಷ್ಕರದವರು ಬೇರೆ ಗಣಿಗಳಿಗೆ ನುಗ್ಗದಂತೆ ಪೊಲೀಸರು ದಕ್ಷಿಣಕ್ಕೆ ಹೋಗುವ ಗಾಡಿಗಳನ್ನೆಲ್ಲ ತಡೆಯುತ್ತಿದ್ದರು. ನಾಟಿಂಗ್‌ಹ್ಯಾಮಿನ ಕಛೇರಿಗೆ ಹೊರಟಿದ್ದ ನಮ್ಮ ಐದು ಜನರ ವ್ಯಾನನ್ನೂ ತಡೆದರು. "'ಗಣಿಗಾ?' ಅಂದ ಪೊಲೀಸು. ನಮ್ಮ ಪಾದ್ರಿ ಕೋಟಿನ ಗುಂಡಿ ಹಾಕ್ಕೊಂಡು, 'ಇಲ್ಲ ಮಗನೇ, ಶವಸಂಸ್ಕಾರಕ್ಕೆ' ಅಂದ." ಸೂಜಿ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ನಕ್ಕದ್ದಕ್ಕೆ ಈಗ ಹೇಸಿಗೆಯಾಗುತ್ತಿದೆ.

"ಯಾಕೆ ನಾವ್ಯಾರೂ ಅವನ ಹೆಸರು ಕೇಳಲಿಲ್ಲ?" ಎಂದೆ.

"ನೀನು ನನ್ನದು ಕೇಳಿದ್ದೀಯಾ?" ಎಂದಳು ಸೂಜಿ.

ಕೇಳಿಲ್ಲ. ಕೇಳುವುದು ಅಸಭ್ಯವಾಗಿತ್ತು. ಹೆಸರೆಂದರೆ ಅಪ್ಪ, ಶಾಲೆ, ಊರು. ಅವನ್ನು ಹೊರಗೆ ಬಿಡುವುದಕ್ಕೇ ನಾವು ಅಲ್ಲಿಗೆ ಹೋಗುತ್ತಿದ್ದುದು. ನಮ್ಮ ಕಪ್ಪು ಬಟ್ಟೆ, ಮಂಕು ಹಾಡು ನೋಡಿ ಪತ್ರಿಕೆಗಳು ನಮಗೆ ಗೋಥ್ ಎಂದು ಹೆಸರಿಟ್ಟವು, ಅದನ್ನೂ ನಾವು ಒಪ್ಪಿಕೊಳ್ಳಲಿಲ್ಲ.

ಗುಬ್ಬಿಯ ಮಾತು ಬಂದಾಗ ಇಬ್ಬರೂ ತಮ್ಮ ಲೋಟ ನೋಡಿಕೊಂಡರು. ವ್ಯಾನಿನಲ್ಲಿದ್ದ ಐದನೆಯವನು ಗುಬ್ಬಿ, ಎಲ್ಲರಿಗಿಂತ ಚಿಕ್ಕವನು, ಹಗುರದವನು. ಕಛೇರಿಯ ಕೊನೆಯ ಹಾಡಿಗೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಿದ್ದರು. ಕೆಳಗೆ ಪಾದ್ರಿ, ತುದಿಯಲ್ಲಿ ಗುಬ್ಬಿ. 1986ರಲ್ಲಿ ಗುಬ್ಬಿ ಬಿದ್ದ. ಮಾತಿಲ್ಲದೆ, ಯಾರ ಗುರುತೂ ಇಲ್ಲದೆ ಹನ್ನೊಂದು ವರ್ಷ ಬದುಕಿದ.

ಅದರ ಬಗ್ಗೆ ಈವತ್ತು ಬರೆಯುವುದಿಲ್ಲ.


13 ನವೆಂಬರ್, ಭಾನುವಾರ

ಹಲ್ಲುಜ್ಜುವಾಗ ಹೊಳೆಯಿತು. ಪೊಲೀಸರು ವ್ಯಾನು ತಡೆದಾಗ ಎಲ್ಲರ ಹೆಸರು, ವಿಳಾಸ ಕೇಳಿ ಬರೆದುಕೊಂಡಿದ್ದರು. ಮೂವತ್ತೆಂಟು ವರ್ಷದಿಂದ ಆ ಕಥೆಯನ್ನು ಶವಸಂಸ್ಕಾರದ ಮಾತಿಗೇ ನಿಲ್ಲಿಸುತ್ತಿದ್ದೇವೆ, ಮುಂದಿನದನ್ನು ಯಾರೂ ಹೇಳುವುದಿಲ್ಲ.

ಕಂಬನಿಗೆ ಫೋನ್ ಮಾಡಿದೆ. "ನೀನು ಯಾವಾಗಲೂ ದಾರಿಯಲ್ಲೇ ರೆಕಾರ್ಡರ್ ಪರೀಕ್ಷೆ ಮಾಡ್ತಿದ್ದೆ."

"ಪ್ರತಿ ಮಾಡಿ ಹಂಚೋವಾಗ ಮಾತೆಲ್ಲ ಕತ್ತರಿಸಿಬಿಡ್ತಿದ್ದೆ ಇಲಿ. ಬರೀ ಹಾಡು ಇಡ್ತಿದ್ದೆ. ಮೂಲ ಕ್ಯಾಸೆಟ್ ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ. ಅಟ್ಟದಲ್ಲಿ ನಾನೂರು ಬಿದ್ದಿವೆ."

"ಹುಡುಕು."

"ಮಂಡಿ ನೋವು ಮಾರಾಯ್ತಿ."

"ಹುಡುಕು," ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದ ನೆನಪಿಲ್ಲ.


15 ನವೆಂಬರ್, ಮಂಗಳವಾರ

ಸಿಕ್ಕಿಲ್ಲ. ಅಂಗಡಿಯಲ್ಲಿ ಇಬ್ಬರ ಔಷಧಿ ಅದಲುಬದಲಾಗುವುದರಲ್ಲಿತ್ತು. ಒಂಬತ್ತು ದಿನ ಉಳಿದಿದೆ.


16 ನವೆಂಬರ್, ಬುಧವಾರ

ಸಿಕ್ಕಿಲ್ಲ.

ಅವನ ಬಲಗೈ ತೋರುಬೆರಳಿನ ಬಣ್ಣವನ್ನು ಮಾತ್ರ ಒರೆಸಿದ್ದಾರೆ, ಆಮ್ಲಜನಕ ಅಳೆಯುವ ಕ್ಲಿಪ್ಪಿಗಾಗಿ. ಉಳಿದ ಒಂಬತ್ತು ಕಪ್ಪಾಗಿವೆ. ಈ ವರ್ಷ ಬೇರೆ ಎಲ್ಲೋ ಕೂತು ಬಳಿದುಕೊಂಡಿದ್ದಾನೆ. ಬಲಗಿವಿಯ ಹತ್ತಿರ ಬಾಗಿ ಅದಕ್ಕಾಗಿ ಒಂದಿಷ್ಟು ಬೈದೆ. ಮರಿಸೆಲ್ ಪರದೆ ಎಳೆದು ಹೊರಗೆ ಹೋದಳು.


17 ನವೆಂಬರ್, ಗುರುವಾರ

ಸಿಕ್ಕಿತು. ಮಧ್ಯಾಹ್ನ ರಜೆ ಹಾಕಿ ಕಂಬನ ಊರು ಕೀತ್ಲಿಗೆ ಬಸ್ಸು ಹಿಡಿದೆ. ಸೂಜಿಯೂ ಬಂದಿದ್ದಳು. ಕಂಬನ ತಲೆಯ ತುಂಬ ಜೇಡರ ಬಲೆ. ಕ್ಯಾಸೆಟ್ಟನ್ನು ಅವನು ಎರಡು ಕೈಯಲ್ಲಿ ಹಿಡಿದು ತಂದ.

ಮೊದಲು ಎಂಜಿನ್ನಿನ ಸದ್ದು. ಸೂಜಿಯ ನಗು, ಎಳೆಯದು. ಬ್ರೇಕು. ಕಿಟಕಿ ಇಳಿಸಿದ ಸದ್ದು. ಶವಸಂಸ್ಕಾರದ ಮಾತು. ಅದರ ಮುಂದಿನದನ್ನು ಕೇಳಿದ ಹಾಗೆ ಬರೆಯುತ್ತೇನೆ.

"ಎಲ್ಲರೂ ಹೆಸರು, ವಿಳಾಸ ಹೇಳಿ. ನೀನು."

"ಡೆನೀಸ್ ಪಿಕಲ್ಸ್. ನಗಬೇಡ್ರೋ."

"ನೀನು?"

"ಹಿಲರಿ ಬೂತ್ರಾಯ್ಡ್."

"ಗಟ್ಟಿಯಾಗಿ ಹೇಳಮ್ಮ."

"ಹಿಲರಿ ಬೂತ್ರಾಯ್ಡ್."

"ಏಯ್ ಪಾದ್ರಿ, ನೀನು?"

"ಗ್ರೆಗರಿ ಡೌಸ್. ಹದಿನಾಲ್ಕು, ವಿಕ್ಟೋರಿಯಾ ರೋಡ್, ಮೇಬಲ್‌ಥಾರ್ಪ್."

"ಅಲ್ಲೇ ಇರೋದಾ?"

"ಅಮ್ಮ ಇರೋದು ಅಲ್ಲಿ."

ಮೊದಲು ಹೇಳಿದವಳು ಸೂಜಿ, ಎರಡನೆಯವಳು ನಾನು. ಪಾದ್ರಿಯಾದ ಮೇಲೆ ಕಂಬ, ಅವನು ಕ್ಲಿಫರ್ಡ್. ಆಮೇಲೆ ಗುಬ್ಬಿ, ಮಾರ್ಟಿನ್, ಹದಿನೇಳು ವರ್ಷ. ಎಲ್ಲರ ಹೆಸರನ್ನೂ ಎಲ್ಲರೂ ಒಂದು ಸಲ ಕೇಳಿದ್ದೆವು. ಕೇಳಿ, ಕೇಳದವರಂತೆ ಇದ್ದುಬಿಟ್ಟಿದ್ದೆವು.

ಸೂಜಿ ಮುಖ ತಿರುಗಿಸಿಕೊಂಡು ಕೂತಿದ್ದಳು. ಕಂಬ ಗುಂಡಿ ಒತ್ತಿ ನಿಲ್ಲಿಸಲಿಲ್ಲ. ವ್ಯಾನು ಹೊರಟಿತು, ಪಾದ್ರಿ ಏನೋ ಅಂದ, ಎಲ್ಲರೂ ನಕ್ಕರು. ಏನಂದನೆಂದು ನಾಲ್ಕು ಸಲ ತಿರುಗಿಸಿ ಕೇಳಿದರೂ ತಿಳಿಯಲಿಲ್ಲ.


18 ನವೆಂಬರ್, ಶುಕ್ರವಾರ

ಅದೇ ಮನೆ, ಅದೇ ವಿಳಾಸ, ಫೋನ್ ಪುಸ್ತಕದಲ್ಲಿ ಈಗಲೂ ಡೌಸ್. ಎಂಟನೆಯ ರಿಂಗಿಗೆ ಎತ್ತಿದರು. ಮ್ಯೂರಿಯಲ್ ಡೌಸ್, ಎಂಬತ್ತನಾಲ್ಕು ವರ್ಷ.

ನಾನು ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡಿದ್ದೆ. ಮೊದಲ ಸಾಲು ಮುಗಿಯುವ ಮೊದಲೇ ಅವರು, "ಗ್ರೆಗ್ ಸಿಕ್ಕಿದ್ನಾ?" ಎಂದರು.

1981ರಲ್ಲಿ ಹೋದವನು. ಅಪ್ಪ ಅವನ ಕೂದಲು ಹಿಡಿದು ಕತ್ತರಿಯಿಂದ ಕತ್ತರಿಸಿದ ಮರುದಿನ. ಅಪ್ಪ ಸತ್ತೇ ಇಪ್ಪತ್ತು ವರ್ಷವಾಗಿದೆ.

ಫೋನಿಟ್ಟ ಮೇಲೆ ತುಂಬ ಹಗುರಾಯಿತು. ಡಾಕ್ಟರಿಗೂ ತಿಳಿಸಿದೆ. ಇನ್ನು ನನ್ನದೇನೂ ಇಲ್ಲ. ಪೂರ್ತಿ ಊಟ ಮಾಡಿದೆ.


20 ನವೆಂಬರ್, ಭಾನುವಾರ

ಮ್ಯೂರಿಯಲ್ ಪಕ್ಕದ ಮನೆಯವರ ಕಾರಿನಲ್ಲಿ ಬಂದರು. ಸಣ್ಣ ಹೆಂಗಸು, ನೀಲಿ ಟೊಪ್ಪಿ. ಮಂಚದ ಹತ್ತಿರ ನಿಂತು ಅವನ ಹಣೆ ಮುಟ್ಟಿ, "ಬೆಳ್ಳಗಾಗ್ಬಿಟ್ಟಿದೆಯಲ್ಲೋ ಕೂದಲು," ಎಂದರು. ಹಲಗೆಯ ಮೇಲೆ ಈಗ ಗ್ರೆಗರಿ ಡೌಸ್ ಎಂದಿದೆ.

ಸ್ವಲ್ಪ ಹೊತ್ತಾದ ಮೇಲೆ ಉಗುರು ನೋಡಿದರು. "ಯಾರು ಬಳಿದಿದ್ದು ಇದನ್ನ?"

"ಅವರೇ," ಎಂದೆ.

"ಒರೆಸಿಬಿಡು ಚಿನ್ನಾ," ಎಂದರು ಮರಿಸೆಲ್‌ಗೆ. ಮರಿಸೆಲ್ ನನ್ನತ್ತ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಎಡಗೈಯ ಐದೂ ಮುಗಿದು ಬಲಗೈಗೆ ಬರುವಷ್ಟರಲ್ಲಿ ಹತ್ತಿ ತೀರಿತು. ತರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ. ಬೇಕೆಂದೇ ಇರಬೇಕು.

ಡಾಕ್ಟರ್ ಎಲ್ಲವನ್ನೂ ವಿವರಿಸಿದರು. ಮ್ಯೂರಿಯಲ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ಮನೆಗೆ ಕರ್ಕೊಂಡು ಹೋಗ್ತೀನಿ. ಅವನ ರೂಮು ಹಾಗೇ ಇದೆ."

"ಅವರಿಗೆ ಎಚ್ಚರ ಬರೋದು ಕಷ್ಟ, ಮಿಸೆಸ್ ಡೌಸ್. ಮಾತಂತೂ..."

"ಮಾತಾಡದಿದ್ರೆ ಬೇಡ. ನಲವತ್ತೊಂದು ವರ್ಷದಿಂದ ಎಲ್ಲಿ ಮಾತಾಡಿದ್ದಾನೆ?"

ರಾತ್ರಿ ಉಳಿಯಲು ಅವರಿಗೆ ಜಾಗವಿರಲಿಲ್ಲ. ನನ್ನ ಮನೆಗೆ ಕರೆತಂದೆ. ಗುರುವಾರದವರೆಗೆ ಇರುತ್ತಾರೆ.


21 ನವೆಂಬರ್, ಸೋಮವಾರ

ಹದಿಮೂರು ದಿನದಿಂದ ಈ ಪುಸ್ತಕದಲ್ಲಿ ಎಲ್ಲ ಬರೆಯುತ್ತಿದ್ದೇನೆ. ಇದೊಂದನ್ನು ಬಿಟ್ಟು.

ಗುಬ್ಬಿ ಬಿದ್ದ ಮೇಲೆ ನಾವೆಲ್ಲ ಆಸ್ಪತ್ರೆಗೆ ಎರಡು ಸಲವೋ ಮೂರು ಸಲವೋ ಹೋದೆವು. ಪಾದ್ರಿ ಪ್ರತಿ ಭಾನುವಾರ ಹೋದ. ಹ್ಯಾಲಿಫ್ಯಾಕ್ಸಿನ ಶುಶ್ರೂಷಾಲಯಕ್ಕೆ ಎರಡು ಬಸ್ಸು ಬದಲಿಸಿ, ಹನ್ನೊಂದು ವರ್ಷ. ಗೋಪುರದ ಬುಡದಲ್ಲಿ ನಿಂತಿದ್ದವನು ಅವನು. ಮಂಡಿ ಅಲುಗಿದ್ದು ತನ್ನದೋ ಪಕ್ಕದವನದೋ ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ಕೊನೆಕೊನೆಗೆ ಕೆಲವು ಸಲ ನಾನೂ ಜೊತೆಗೆ ಹೋಗಿದ್ದೆ. ಗುಬ್ಬಿಯ ಕೈಕಾಲು ಸೆಟೆದು ಒಳಮಡಚಿಕೊಂಡಿದ್ದವು. ಕಣ್ಣು ತೆರೆದೇ ಇರುತ್ತಿತ್ತು. ಪಾದ್ರಿ ಅವನ ಗಡ್ಡ ಹೆರೆಯುತ್ತಿದ್ದ, ಜೊಲ್ಲು ಒರೆಸುತ್ತಿದ್ದ, ಯಾವ ತಂಡ ಒಡೆಯಿತು, ಯಾರಿಗೆ ಮದುವೆಯಾಯಿತು ಎಂದೆಲ್ಲ ಹೇಳುತ್ತಿದ್ದ.

1997ರ ಫೆಬ್ರವರಿ, ಗುಬ್ಬಿ ಸಾಯುವುದಕ್ಕೆ ಮೂರು ವಾರ ಮೊದಲು, ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಪಾದ್ರಿ ನಿಂತ. "ಇಲಿ, ನಾನು ಹೀಗೆ ಮಲಗಿದ್ರೆ ಯಾರನ್ನೂ ಬರೋಕೆ ಬಿಡಬೇಡ. ನನ್ನನ್ನ ಹೋಗೋಕೆ ಬಿಡು. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಬೇರೆಯವರಿಗೆ ಹೇಳಿಲ್ಲ. ಅವರು ನಗ್ತಾರೆ. ನೀನು ಹೇಳಿದ್ದನ್ನ ಹೇಳಿದ ಹಾಗೆ ಇಟ್ಕೋತೀಯ."

ಇಷ್ಟೇ. ಎಂಟನೇ ತಾರೀಖು ಆ ಮಂಚದ ಹತ್ತಿರ ನಿಂತ ಮೊದಲ ನಿಮಿಷದಲ್ಲೇ ಇದು ನೆನಪಾಗಿತ್ತು. ಅವನ ಮನೆಯವರನ್ನು ನಾನು ಅವನಿಗಾಗಿ ಹುಡುಕಲಿಲ್ಲ. ಈ ಮಾತನ್ನು ನಾನು ಹೇಳಬೇಕಾಗದಿರಲಿ ಎಂದು ಹುಡುಕಿದೆ. ಅಪರಿಚಿತ ಗಂಡಸಿನ ಪರವಾಗಿ ಹೇಳಬಹುದಾಗಿದ್ದ ಮಾತನ್ನು ಈಗ ಅವನ ತಾಯಿಯ ಮುಂದೆ ಹೇಳಬೇಕು.


22 ನವೆಂಬರ್, ಮಂಗಳವಾರ

ಪರೀಕ್ಷೆಗಳಲ್ಲಿ ಏನೂ ಬದಲಾವಣೆಯಿಲ್ಲ. ಸೂಜಿ ನೋಡಲು ಬಂದಿದ್ದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಳಿಗೆ ಹೇಳಿದೆ. ಅವಳು ಕೇಕಿನ ತಟ್ಟೆ ದೂರ ತಳ್ಳಿದಳು.

"ಬಾಯಿ ಮುಚ್ಕೊಂಡಿರು ಇಲಿ. ತಾಯಿ ಇರೋವಾಗ ನಾವು ಯಾರು?"

"ಅವನು ಹೇಳಿದ್ದು ನನಗೆ."

"ಇಪ್ಪತ್ತೈದು ವರ್ಷದ ಹಿಂದೆ. ಕಾರು ನಿಲ್ಲಿಸೋ ಜಾಗದಲ್ಲಿ. ಆವಾಗ ನಾನೂ ನಲವತ್ತಕ್ಕೆ ಸಾಯ್ತೀನಿ ಅಂತಿದ್ದೆ. ನೋಡು, ಸೊಂಟಕ್ಕೆ ಹೊಸ ಕೀಲು ಹಾಕಿಸ್ಕೊಂಡು ಕೂತಿದ್ದೀನಿ."

"ನೀನು ಹನ್ನೊಂದು ವರ್ಷ ಭಾನುವಾರ ಹೋಗಿರಲಿಲ್ಲ."

ಅವಳು ಎದ್ದಳು. ಬಾಗಿಲ ಹತ್ತಿರದಿಂದ ತಿರುಗಿ ಬಂದು, ನಿಂತೇ ಹೇಳಿದಳು: "ನೀನೇ ಹುಡುಕಿ ತಂದೆ ಆ ಮುದುಕಿನ. ಮಗ ಸಿಕ್ಕಿದ ಅಂತ ಹೇಳಿದ್ದೂ ನೀನೇ. ಈಗ ಬಿಟ್ಟುಬಿಡಿ ಅಂತ ಹೇಳೋದೂ ನೀನೇನಾ?"

ಅವಳು ಬಿಟ್ಟ ಕೇಕಿನ ತಟ್ಟೆಯನ್ನು ಕೌಂಟರಿಗೆ ಕೊಟ್ಟು ಬಂದೆ.

ಆಮೇಲೆ ಹೊಸ ಫಾರಮ್ಮೊಂದನ್ನು ತುಂಬಿಸಿಕೊಂಡರು, ಗುರುವಾರದ ಸಭೆಗೆ ಯಾರು ಯಾರು ಬರುತ್ತಾರೆಂದು. ನನ್ನ ಹೆಸರಿನ ಮುಂದೆ "ಅವನ ಕಡೆಯವಳು" ಎಂದು ಬರೆದು ಕೊಟ್ಟೆ. ಬಸ್ಸು ತಡವಾಗಿ ಬಂತು.


23 ನವೆಂಬರ್, ಬುಧವಾರ. ಸಂಜೆ ಆರು

ಮ್ಯೂರಿಯಲ್ ನನ್ನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾರೆ. ಮೂರು ದಿನದಿಂದ ಅವನ ಕಥೆ ಕೇಳುತ್ತಿದ್ದಾರೆ, ನಾನು ಹೇಳುತ್ತಿದ್ದೇನೆ. ಕಣಜಗಳ ಕಥೆ, ವ್ಯಾನಿನ ಕಥೆ. ಶವಸಂಸ್ಕಾರದ ಮಾತಿಗೆ ಅವರು ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವನ ನಗುವಿನ ಹಾಗೇ ಸದ್ದಿಲ್ಲದ ನಗು.

"ಭಾನುವಾರ ಅವನು ಏನು ಮಾಡ್ತಿದ್ದ?" ಎಂದು ಮಧ್ಯಾಹ್ನ ಕೇಳಿದರು. "ಚಿಕ್ಕೋನಿದ್ದಾಗ ಭಾನುವಾರ ಅಂದ್ರೆ ಬೇಜಾರು ಅವನಿಗೆ."

ಸ್ನೇಹಿತರನ್ನ ನೋಡೋಕೆ ಹೋಗ್ತಿದ್ದ ಎಂದೆ. ಸುಳ್ಳಲ್ಲ. ಆದರೆ ಅಲ್ಲಿಗೆ ನಿಲ್ಲಿಸಿದೆ.

ನಾಳೆ ಹತ್ತೂವರೆಗೆ ಸಭೆ. ಮೇಜಿನ ಸುತ್ತ ಆರು ಜನ ಇರುತ್ತಾರೆ. ಡಾಕ್ಟರ್ ಪ್ರಶ್ನೆ ಕೇಳಿ, ನಾನು ಉತ್ತರ ಕೊಟ್ಟು, ತನ್ನ ಮಗ ಏನು ಬಯಸಿದ್ದ ಎಂಬುದು ಮ್ಯೂರಿಯಲ್‌ಗೆ ಆ ಮೇಜಿನಾಚೆಯಿಂದ ತಿಳಿಯುವುದು ಬೇಡ.

ತೀರ್ಮಾನಿಸಿದ್ದೇನೆ. ಬೆಳಿಗ್ಗೆ ಏಳೂವರೆಗೆ ಅವರು ಎದ್ದು ಕೆಳಗೆ ಬರುತ್ತಾರೆ. ಟೀ ಮಾಡಿಕೊಟ್ಟು ಎದುರಿಗೆ ಕೂರುತ್ತೇನೆ. ಮೊದಲು ಗುಬ್ಬಿಯ ವಿಷಯ, ಹನ್ನೊಂದು ವರ್ಷದ್ದು, ಗಡ್ಡ ಹೆರೆದದ್ದೂ ಸೇರಿ. ಆಮೇಲೆ ಅವನ ಮಾತು, ಅವನು ಹೇಳಿದ ಹಾಗೆ, ಒಂದು ಪದವನ್ನೂ ಮೆತ್ತಗೆ ಮಾಡದೆ. ಇಲ್ಲ ಅಂದರೆ ಇಲ್ಲ ಅನ್ನಲಿ. ನನ್ನ ಮಾತು ನಂಬುವುದಿಲ್ಲ ಅನ್ನಲಿ. ಆಮೇಲೆ ಡಾಕ್ಟರಿಗೂ ಅದನ್ನೇ ಹೇಳುತ್ತೇನೆ ಎಂಬುದನ್ನೂ ಅವರಿಗೆ ಮೊದಲೇ ತಿಳಿಸುತ್ತೇನೆ.

ಅವರು ನನ್ನ ಮುಖ ನೋಡದಿರಬಹುದು. ಆದರೆ ಆಸ್ಪತ್ರೆಗೆ ಒಂಬತ್ತೂ ಐದಕ್ಕೆ ಇರುವುದು ಒಂದೇ ಬಸ್ಸು, ಮೆಟ್ಟಿಲು ಎತ್ತರ, ಹತ್ತುವಾಗ ಅವರಿಗೆ ಕೈ ಹಿಡಿಯುವವರು ಬೇಕು.